ಇದ್ದಿಲ ಮಾಚಲೆ ಮತ್ತು ಮಂಜಿನ ಮಾಂತ್ರಿಕ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ಪಾರ್ವತವ್ವ. ಚಪಾತಿಗೊಂದು ಮಾತಿನಂತೆ ಹೇಳುತ್ತಿದ್ದರು. ಹಿಟ್ಟು ಮುಗಿಯುವ ಹೊತ್ತಿಗೆ ಕತೆಯೂ ಮುಗಿಯಬೇಕು.

ಹಿಂದೆ, ಎಷ್ಟೋ ಹಿಂದೆ, ಬೆಳ್ಗೊಡೆ ಎಂಬ ರಾಜ್ಯವಿತ್ತು. ರಾಜ್ಯಕ್ಕೊಬ್ಬ ಅರಸ, ಅರಸನಿಗೊಂದು ಚಿತ್ರಶಾಲೆ, ಚಿತ್ರಶಾಲೆಗೊಂದು ಪದ್ಧತಿ. ಯಾವ ಚಿತ್ರವೇ ಆಗಲಿ, ಕೊನೆಗೆ ಅದಕ್ಕೆ ‘ಒಪ್ಪ’ ಹಾಕಬೇಕು. ಅಂದರೆ ಇರುವ ಕುಂದನ್ನು ಅಳಿಸಬೇಕು, ಇಲ್ಲದ ಅಂದವನ್ನು ಸೇರಿಸಬೇಕು. ಅರಸನಿಗೆ ಆರು ಹಲ್ಲು ಬಿದ್ದಿದ್ದವು. ಅರಮನೆಯ ಚಿತ್ರಗಳಲ್ಲಿ ಮೂವತ್ತೆರಡೂ ಇದ್ದವು. ರಾಣಿ ತನ್ನ ಚಿತ್ರವನ್ನು ತಾನೇ ನೋಡಿ, “ಇವಳ್ಯಾರು? ಯಾವಾಗ ಬಂದ್ಲು?” ಎಂದು ಸಿಡುಕಿದ್ದೂ ಉಂಟು.

ಆ ಚಿತ್ರಶಾಲೆಯಲ್ಲಿ ಬಣ್ಣ ಅರೆಯುತ್ತಿದ್ದವನು ಕೇತಣ್ಣ. ಅವನಿಗೆ ಒಬ್ಬಳೇ ತಂಗಿ, ಮಾಚಲೆ. ಹದಿನೇಳು ವರ್ಷ. ಮಾತು ಕಡಿಮೆ, ಕರೆದರೆ ತಿರುಗುವವಳಲ್ಲ. ಆದರೆ ಒಮ್ಮೆ ಕಂಡದ್ದು ಅವಳ ಕಣ್ಣು ಬಿಟ್ಟು ಹೋಗುತ್ತಿರಲಿಲ್ಲ. ಒಲೆಯ ಇದ್ದಿಲು ಹಿಡಿದು ಗೋಡೆಯ ಮುಂದೆ ಕೂತಳೆಂದರೆ ಸಂತೆಯ ಅಷ್ಟೂ ಅಂಗಡಿ, ಅಂಗಡಿಯ ಅಷ್ಟೂ ಬುಟ್ಟಿ, ಬುಟ್ಟಿಯ ಅಷ್ಟೂ ಬದನೆಕಾಯಿ ಇದ್ದಲ್ಲೇ ಇದ್ದಂತೆ ಇಳಿಯುತ್ತಿದ್ದವು. ನಗಾರಿಯ ಸದ್ದು ಮಾತ್ರ ಅವಳಿಗೆ ಮೈಮೇಲೆ ಕೆಂಡ ಸುರಿದ ಹಾಗೆ. ಅದಕ್ಕೇ ಕೇತಣ್ಣ, “ಮಾಚಿ, ಈಗ ನಗಾರಿ ಹೊಡೀತಾರೆ, ಕಿವಿ ಮುಚ್ಕೊ” ಎಂದು ಮುಂಚೆಯೇ ಹೇಳುತ್ತಿದ್ದ. ಲೋಕದಲ್ಲಿ ಅವಳಿಗೆ ಯಾವುದನ್ನಾದರೂ ಮುಂಚೆ ಹೇಳುತ್ತಿದ್ದವನು ಅವನೊಬ್ಬನೇ.

ಒಮ್ಮೆ ಕೇತಣ್ಣ ಅವಳನ್ನು ಚಿತ್ರಶಾಲೆಗೆ ಸೇರಿಸಲು ಕರೆತಂದ. ಹಿರಿಯ ಚಿತ್ರಗಾರ ದೇವರಸಯ್ಯನವರು ಅರಸನ ಕುದುರೆ ಬರೆಯಲು ಹೇಳಿದರು. ಬರೆದಳು.

“ಕುದುರೆ ಸರಿ, ಇದರ ಮೇಲೆ ನೊಣ ಯಾಕಮ್ಮ?”

“ಹನ್ನೊಂದು ಇತ್ತು,” ಅಂದಳು ಮಾಚಲೆ.

“ಒಪ್ಪ ಹಾಕೋಕೆ ಬರದವಳಿಗೆ ಇಲ್ಲೇನು ಕೆಲಸ? ಕರ್ಕೊಂಡು ಹೋಗಪ್ಪ.”

ಹೀಗಿರುವಾಗ ಮಂಜಿನ ಬೆಟ್ಟದಿಂದ ಮಾಸಲಯ್ಯ ಎಂಬ ಮಾಂತ್ರಿಕ ಇಳಿದು ಬಂದ. ಅವನು ಊದಿದ್ದೆಲ್ಲ ಮಂಜಾಗಿ ಅವನ ಜೋಳಿಗೆ ಸೇರುತ್ತಿತ್ತು. ಊರಿನ ಮೂಡಲ ಬಾಗಿಲಿಗೆ ಊದಿದ, ಬಾಗಿಲು ಮಂಜಾಯಿತು. ಗಾಣಿಗರ ಕೇರಿಗೆ ಊದಿದ, ಕೇರಿ ಮಂಜಾಯಿತು. ಚಿತ್ರಶಾಲೆಯ ಹಿತ್ತಿಲಿಗೆ ಊದಿದ. ಅಲ್ಲಿ ಬಣ್ಣ ಅರೆಯುತ್ತಿದ್ದ ಕೇತಣ್ಣನೂ ಮಂಜಾದ.

ಅರಸ ಓಡಿ ಬಂದು ಕೈ ಮುಗಿದ. ಮಾಸಲಯ್ಯ ನಕ್ಕ. “ಮೂರು ಸಲ, ಇದ್ದದ್ದನ್ನು ಇದ್ದ ಹಾಗೆ ಈ ಕೋಟೆಗೋಡೆ ಮೇಲೆ ಬರೆಸು. ಎಲ್ಲಾ ಬಿಟ್ಟು ಹೋಗ್ತೀನಿ. ಒಂದೇ ಒಂದು ಸುಳ್ಳುಗೆರೆ ಬಿತ್ತೋ, ಬರೆದವರೂ ನನ್ನ ಜೋಳಿಗೆಗೆ.”

ಇಷ್ಟೇ ತಾನೆ ಎಂದು ಚಿತ್ರಶಾಲೆಯ ಶಿಷ್ಯರು ಮುಂದೆ ಬಂದರು. ಒಬ್ಬ ಮೂಡಲ ಬಾಗಿಲು ಬರೆದು ಅದರ ಸೀಳಿಗೆ ಹೂಬಳ್ಳಿ ಹಬ್ಬಿಸಿದ, ಮಂಜಾದ. ಇನ್ನೊಬ್ಬ ಚಿನ್ನದ ಕಳಸ ಇಟ್ಟ, ಮಂಜಾದ. ಮತ್ತೊಬ್ಬ ಬೇಡ ಬೇಡವೆಂದುಕೊಂಡೇ ಬರೆದ, ಕೊನೆಗೆ ಕೈ ತಡೆಯದೆ ಎಡಗಡೆಯ ಕಲ್ಲಾನೆಯ ಮುರಿದ ದಂತವನ್ನು ಸರಿಮಾಡಿಬಿಟ್ಟ, ಅವನೂ ಮಂಜಾದ. ದೇವರಸಯ್ಯನವರು ತಮ್ಮ ಕುಂಚವನ್ನು ಕೆಳಗಿಟ್ಟರು.

ಇತ್ತ ಮಾಚಲೆ ಹೊಸಿಲ ಮೇಲೆ ಕೂತಿದ್ದಳು. ಸೂರಿನ ನೆರಳು ಹೊಸಿಲಿಗೆ ತಾಗಿದಾಗ ಅಣ್ಣ ಊಟಕ್ಕೆ ಬರಬೇಕು. ನೆರಳು ತಾಗಿತು, ದಾಟಿತು, ಅಂಗಳ ಸೇರಿತು. ಅವಳು ಎದ್ದಳು. ಜನ, ಗದ್ದಲ, ಧೂಳು. ಎರಡೂ ಕಿವಿ ಮುಚ್ಚಿಕೊಂಡು ಕೋಟೆಯವರೆಗೂ ನಡೆದಳು.

“ಅಣ್ಣ ಬಂದಿಲ್ಲ,” ಅಂದಳು.

ದೇವರಸಯ್ಯನವರು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದರು. ಮಾಚಲೆ ಸೆರಗಿನ ಗಂಟಿನಿಂದ ಇದ್ದಿಲು ತೆಗೆದಳು.

ಮೊದಲು ಮೂಡಲ ಬಾಗಿಲು. ಕಲ್ಲಾನೆಯ ಮುರಿದ ದಂತ, ಕೀಲಿನ ತುಕ್ಕು, ಮೇಲೆ ಕಾಗೆಯ ಗೂಡು, ಯಾರೋ ವೀಳ್ಯ ಉಗಿದ ಕಲೆ ಸಹಿತ ಬರೆದಳು. ಕಿರ್ರೆಂದು ಸದ್ದಾಯಿತು, ಬಾಗಿಲು ಬಂದು ತನ್ನ ಜಾಗದಲ್ಲಿ ನಿಂತಿತು.

ಎರಡನೆಯದಕ್ಕೆ ಮಾಸಲಯ್ಯ ಜೋಳಿಗೆಯಿಂದ ಒಂದು ಯಾಳಿಯನ್ನು ಬಿಟ್ಟ. ಸಿಂಹದ ಮೈ, ಆನೆಯ ಸೊಂಡಿಲು, ಬಾಯಲ್ಲಿ ಬೆಂಕಿ. “ಇದು ನಿಮ್ಮೂರಿನದೇ ಪ್ರಾಣಿ. ಮುಂಚೆ ಏನಾಗಿತ್ತು, ಬರಿ.” ಜನ ಚೆಲ್ಲಾಪಿಲ್ಲಿಯಾದರು. ಯಾಳಿ ಘರ್ಜಿಸಿತು.

“ಕಿರುಚಬೇಡ,” ಅಂದಳು ಮಾಚಲೆ.

ಅದಕ್ಕೆ ಹಾಗೆ ಯಾರೂ ಹೇಳಿರಲಿಲ್ಲ. ಬಾಯಿ ಮುಚ್ಚಿತು. ಅವಳು ಅದರ ಸುತ್ತ ಒಂದು ಸುತ್ತು ಬಂದಳು. ಬಲಗಿವಿಯ ಅಂಚಿನಲ್ಲಿ ಎರಡು ಕಡೆ ಹರಿದಿತ್ತು. ಹೆಗಲ ಮೇಲೆ ನೊಗ ಉಜ್ಜಿದ ಬೋಳು. ಕೂತು ಗಾಣಿಗರ ಮುದಿ ಎತ್ತನ್ನು ಬರೆದಳು. ಯಾಳಿ ಕರಗಿತು, ಎತ್ತು ನಿಂತು ಬಾಲ ಬೀಸಿತು.

ಮಾಸಲಯ್ಯನ ನಗು ಸಣ್ಣದಾಯಿತು. “ಕೊನೇದು. ನಿನ್ನ ಅಣ್ಣನ್ನ ಬರಿ.”

ಮಾಚಲೆ ಇದ್ದಿಲು ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಎಲ್ಲವನ್ನೂ ಕಂಡವಳು ಒಂದನ್ನು ಮಾತ್ರ ಕಂಡಿರಲಿಲ್ಲ. ಮುಖ ಎಂಬುದು ಅವಳ ಕಣ್ಣಿಗೆ ನಿಲ್ಲುತ್ತಲೇ ಇರಲಿಲ್ಲ; ಹುಬ್ಬು, ತುಟಿ, ಕಣ್ಣು ಎಲ್ಲ ಒಟ್ಟಿಗೆ ಅಲ್ಲಾಡುತ್ತವೆ, ನೋಡಿದರೆ ತಲೆ ತುಂಬಿಹೋಗುತ್ತದೆ. ಹದಿನೇಳು ವರ್ಷ ಒಂದೇ ಸೂರಿನಡಿ ಇದ್ದರೂ ಅಣ್ಣನ ಮುಖವನ್ನು ಅವಳು ಒಮ್ಮೆಯೂ ನೆಟ್ಟಗೆ ನೋಡಿರಲಿಲ್ಲ.

“ಮುಖ ಗೊತ್ತಿಲ್ಲ,” ಅಂದಳು.

ದೇವರಸಯ್ಯನವರು ಹತ್ತಿರ ಬಗ್ಗಿ ಪಿಸುಗುಟ್ಟಿದರು. “ನಂಗೊತ್ತಮ್ಮ! ಅಗಲ ಹಣೆ, ಮೊಂಡ ಮೂಗು, ಗಲ್ಲದಲ್ಲಿ ಕುಳಿ. ನಾನು ಹೇಳ್ತಾ ಹೋಗ್ತೀನಿ, ನೀನು ಬರೀತಾ ಹೋಗು.”

“ನಾನು ನೋಡಿಲ್ಲ.”

“ಅಯ್ಯೋ, ನೋಡಿದ ಹಾಗೇ ಬರಿಯೇ ತಾಯಿ! ಅಣ್ಣ ಬೇಡ್ವಾ ನಿಂಗೆ?”

“ಅಣ್ಣ ಬೇಕು,” ಅಂದಳು ಮಾಚಲೆ. ಹಿಂದಕ್ಕೂ ಮುಂದಕ್ಕೂ ತೂಗುತ್ತ ಬಹಳ ಹೊತ್ತು ನಿಂತಳು. ಆಮೇಲೆ ಬರೆಯಲು ಕೂತಳು.

ಅರೆಯುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ ಬೆನ್ನು. ಬಲಕ್ಕಿಂತ ಒಂದು ಬೆರಳು ಇಳಿದ ಎಡಭುಜ. ನೆತ್ತಿಯ ಎರಡು ಸುಳಿ. ಕತ್ತಿನ ಬೆವರುಗುಳ್ಳೆ. ಒಡೆದ ಹಿಮ್ಮಡಿ. ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಕೆಂಪು. ಅವಳ ಅನ್ನಕ್ಕೆ ತಾಗದಂತೆ ಸಾರನ್ನು ಬೇರೆಯಾಗಿ ಬಡಿಸುತ್ತಿದ್ದ ಆ ಬೆರಳುಗಳ ಒಂದೊಂದು ಗೆರೆ. ಬರೆದು ಇದ್ದಿಲು ಕೆಳಗಿಟ್ಟಳು.

“ಮುಖ ಎಲ್ಲಿ?” ಅಬ್ಬರಿಸಿದ ಮಾಸಲಯ್ಯ.

“ಆ ಕಡೆ ಇದೆ,” ಅಂದಳು ಮಾಚಲೆ.

ಮಾಂತ್ರಿಕ ಗೋಡೆಗೆ ಮೂಗು ತಾಗಿಸಿ ಹುಡುಕಿದ. ಮೇಲಿಂದ ಕೆಳಗೆ ಹುಡುಕಿದ, ಕೆಳಗಿಂದ ಮೇಲೆ ಹುಡುಕಿದ. ಒಂದೇ ಒಂದು ಸುಳ್ಳುಗೆರೆ ಸಿಗಲಿಲ್ಲ. ಹುಡುಕುತ್ತಿದ್ದಂತೆಯೇ ಆ ಬೆನ್ನು ಉಸಿರಾಡಿತು. ಭುಜ ಅಲ್ಲಾಡಿತು. ಕೇತಣ್ಣ ಮೊಣಕಾಲಿಗೆ ಕೈಯೂರಿ ಎದ್ದು, ತನ್ನ ಮುಖವನ್ನು ತಾನೇ ಈ ಕಡೆ ತಿರುಗಿಸಿದ.

“ಮಾಚಿ, ಉಂಡ್ಯಾ?”

ಮಾಸಲಯ್ಯನ ಜೋಳಿಗೆ ಹರಿದು ಕೇರಿ, ದನ, ಶಿಷ್ಯರು ಎಲ್ಲ ಹೊರಬಿದ್ದರು. ಅವನು ತಾನೇ ಮಂಜಾಗಿ ಬಿಸಿಲಿಗೆ ಆರಿಹೋದ. ಮಾಚಲೆ ಅಣ್ಣನ ಮುಖ ನೋಡಲಿಲ್ಲ. ಅವನ ಕಿರುಬೆರಳು ಹಿಡಿದುಕೊಂಡು ಮನೆಗೆ ನಡೆದಳು.

ಆಮೇಲೆ ಬೆಳ್ಗೊಡೆಯ ಜನ ಬಹುಕಾಲ ನೆಮ್ಮದಿಯಿಂದ ಉಂಡುಟ್ಟು ಬಾಳಿದರು. ಕೊನೆಗೆ ಮಾಚಲೆ ಗಳಗಳ ಮಾತಾಡಿದಳು, ರಾಜಕುಮಾರನನ್ನು ಮದುವೆಯಾದಳು ಎಂದು ಸೇರಿಸುವವರಿದ್ದಾರೆ. ಪಾರ್ವತವ್ವ ಹೇಳಿದ್ದರಲ್ಲಿ ಅದಿಲ್ಲ.

ಇನ್ನು ನಿಮ್ಮ ಸರದಿ. ಯಾವುದಾದರೂ ಮಗುವಿಗೆ ಈ ಕತೆ ಹೇಳಿ. ಕೇಳುವಾಗ ಅದು ನಿಮ್ಮನ್ನು ನೋಡದೆ ನೆಲದ ಇರುವೆ ನೋಡುತ್ತಿದ್ದರೆ, ಕೇಳುತ್ತಿಲ್ಲ ಎಂದುಕೊಂಡು ನಿಲ್ಲಿಸಬೇಡಿ. ಪೂರ್ತಿ ಹೇಳಿ.