ಹನ್ನೆರಡು ಡಿಗ್ರಿಯ ಹರಳುಗಳು

ಗುರುವಾರ ಬೆಳಿಗ್ಗೆ 10.20. ಸಂಶೋಧಕಿಯೊಬ್ಬರು ಠಾಣೆಗೆ ಬಂದು, ಪ್ರಯೋಗಾಲಯದಿಂದ ಹರಳುಗಳು ಕಳುವಾಗಿವೆ ಎಂದು ದೂರು ಕೊಟ್ಟರು. ದಫೇದಾರರು ಎಫ್‌ಐಆರ್ ಬರೆಯಲು ಕುಳಿತರು.

"ವಜ್ರಾನಾ, ಪಚ್ಚೆನಾ?"

"ಪ್ರೋಟೀನಿನ ಹರಳು. ಬಣ್ಣ ಇಲ್ಲ. ಬರಿಗಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ."

ದಫೇದಾರರು ಪೆನ್ನು ಕೆಳಗಿಟ್ಟು ಇನ್‌ಸ್ಪೆಕ್ಟರ್ ಮುಖ ನೋಡಿದರು.

"ಬರ್ಕೊಳ್ರೀ," ಎಂದರು ಇನ್‌ಸ್ಪೆಕ್ಟರ್. "ಕಣ್ಣಿಗೆ ಕಾಣೋದನ್ನ ಹುಡುಕೋಕೆ ನಾವ್ಯಾಕೆ?"

ಸಂಶೋಧಕಿ ವಿವರಿಸಿದರು. ಆ ಪ್ರೋಟೀನು ಕೆಟ್ಟರೆ ಮಕ್ಕಳಿಗೆ ಮೂರ್ಛೆರೋಗ ಬರುತ್ತದೆ. ಅದರ ಆಕಾರ ತಿಳಿದರೆ ಔಷಧಕ್ಕೆ ದಾರಿ. ಆಕಾರ ತಿಳಿಯಲು ಹರಳು ಕಟ್ಟಿ ಎಕ್ಸ್-ರೇ ಹಾಯಿಸಬೇಕು. ಆದರೆ ಪ್ರೋಟೀನು ಒಂದೇ ಸಮ ಅಲುಗಾಡುತ್ತಿತ್ತು, ಹರಳು ಕಟ್ಟುತ್ತಲೇ ಇರಲಿಲ್ಲ. ಅವರು ಆಂಟಿಬಾಡಿಯ ಪುಟ್ಟ ತುಂಡೊಂದನ್ನು ತಿದ್ದಿ ತೀಡಿ, ಪ್ರೋಟೀನನ್ನು ಬಿಗಿಯಾಗಿ ಹಿಡಿಯುವಂತೆ ಮಾಡಿದ್ದರು.

"ಫೋಟೋ ತೆಗೆಯುವಾಗ ತಂಟೆ ಮಾಡೋ ಮಗೂನ ಸೋದರಮಾವ ಅವುಚಿ ಹಿಡ್ಕೋತಾನಲ್ಲ, ಹಾಗೆ," ಎಂದರು ಇನ್‌ಸ್ಪೆಕ್ಟರ್.

"ಹಾಗೇನೇ. ನಾಳೆ ಎಕ್ಸ್-ರೇ ಯಂತ್ರದಲ್ಲಿ ನಮ್ಮ ಸರದಿ. ತಪ್ಪಿದರೆ ಇನ್ನೊಂದು ವರ್ಷ. ಸೋಮವಾರದಿಂದ ರಜೆಯಲ್ಲಿದ್ದೆ, ಇವತ್ತು ಬಂದು ನೋಡಿದರೆ ಇಲ್ಲ."

11.45ಕ್ಕೆ ಸ್ಥಳದ ಪಂಚನಾಮೆ. ಬೀಗ ಒಡೆದಿಲ್ಲ. ಹರಳಿನ ತಟ್ಟೆಯ ಜೊತೆ ಥರ್ಮಾಮೀಟರೂ ಕಾಣೆಯಾಗಿತ್ತು.

"ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರ, ದೊಡ್ಡಣ್ಣನ ಹತ್ರ. ನಮ್ಮ ಹಿರಿಯ ಸಂಶೋಧಕರು. ಅಕ್ಕರೆಗೆ ಹಾಗೆ ಕರೀತೀವಿ. ಇವತ್ತು ಹುಷಾರಿಲ್ಲ ಅಂತ ಬಂದಿಲ್ಲ."

"ಹರಳು ಎಷ್ಟು ತಣ್ಣಗಿರಬೇಕು?"

"ಹನ್ನೆರಡು ಡಿಗ್ರಿ."

ಹಾಳುಮಾಡುವವನಿಗೆ ಥರ್ಮಾಮೀಟರ್ ಯಾಕೆ? ಕದ್ದವನು ಅವನ್ನು ಸಾಕುತ್ತಿದ್ದಾನೆ ಎಂದು ಇನ್‌ಸ್ಪೆಕ್ಟರ್‌ಗೆ ಖಾತ್ರಿಯಾಯಿತು.

ಸಂಜೆ 4.30. ದೊಡ್ಡಣ್ಣನ ಮನೆ. ಬಾಗಿಲು ತೆರೆದದ್ದು ಅವರ ಹೆಂಡತಿ.

"ಮನೇಲಿ ಏನಾದರೂ ವಿಶೇಷ ಇದೆಯಾಮ್ಮ?"

"ಏನು ವಿಶೇಷ ಸಾರ್, ಮೂರು ದಿನದಿಂದ ದಿನಾ ಹಾಲು ಒಡೀತಿದೆ. ಫ್ರಿಜ್ಜಿನ ಗುಂಡಿ ತಿರುಗಿಸಿಟ್ಟು, ಮುಟ್ಟಿದರೆ ನೋಡು ಅಂತಾರೆ ಇವರು."

ಫ್ರಿಜ್ಜಿನ ನಡುಗೂಡಿನಲ್ಲಿ ತಟ್ಟೆಯಿತ್ತು, ಪಕ್ಕದಲ್ಲಿ ಥರ್ಮಾಮೀಟರು. ಸೊಪ್ಪು ತರಕಾರಿ ಎಲ್ಲ ಹೊರಗೆ. ಒಳಗಿನಿಂದ ಬಂದ ದೊಡ್ಡಣ್ಣ ತಪ್ಪಿಸಿಕೊಳ್ಳಲು ನೋಡಲಿಲ್ಲ. ತಟ್ಟೆ ಅಲುಗದಂತೆ ಎತ್ತಿ ಎಂದಷ್ಟೇ ಕೇಳಿಕೊಂಡರು. ಜೊತೆಗೆ ಬಂದಿದ್ದ ಸಂಶೋಧಕಿ, ಊಟದ ಮೇಜಿನ ಮೇಲಿದ್ದ ದೊಡ್ಡಣ್ಣನ ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಹದಿನೇಳಿದ್ದ ಹರಳುಗಳು ಹತ್ತೊಂಬತ್ತಾಗಿದ್ದವು.

"ಕದ್ದ ಮಾಲು ಕಡಿಮೆಯಾಗೋದು ಗೊತ್ತು ಸಾರ್," ಎಂದರು ದಫೇದಾರರು. "ಹೆಚ್ಚಾದದ್ದಕ್ಕೆ ಯಾವ ಕಾಲಂ?"

5.40ಕ್ಕೆ ದಸ್ತಗಿರಿ. ಹರಳುಗಳು ಅಂದೇ ಎಕ್ಸ್-ರೇ ಕೇಂದ್ರಕ್ಕೆ ಹೊರಟವು.

"ಯಾಕೆ ಮಾಡಿದಿರಿ?" ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು.

ದೊಡ್ಡಣ್ಣ ಕುರ್ಚಿ ಎಳೆದುಕೊಂಡು ಕುಳಿತರು.

"ಆರು ವರ್ಷ ಆ ಪ್ರೋಟೀನಿನ ಮುಂದೆ ಕೂತಿದ್ದೆ. ಒಂದು ಹರಳೂ ಬರಲಿಲ್ಲ. ಈ ಹುಡುಗಿ ಬಂದ ಎಂಟೇ ತಿಂಗಳಿಗೆ ಬಂತು. ಎಕ್ಸ್-ರೇ ಬಿದ್ದರೆ ಅದು ಸುಟ್ಟುಹೋಗುತ್ತೆ. ಅಷ್ಟರೊಳಗೆ ನಾಲ್ಕು ದಿನ ನೋಡ್ತಾ ಕೂರೋಣ ಅನ್ನಿಸ್ತು."

ಇನ್‌ಸ್ಪೆಕ್ಟರ್ ಅದನ್ನು ಒಂದಕ್ಷರವೂ ತಿದ್ದದೆ ಬರೆದುಕೊಂಡರು.