ಚಪ್ಪಲಿಯ ಆಮೆ

"ಏ, ಆ ಚೀಲ ಇಳಸ್ರಿ! ಅದು ಗುಜರಿ ಮಾಲ ಅಲ್ಲ!"

ನಿಖತಳ ಕೂಗಿಗೆ ಟೆಂಪೋ ಮೇಲಿದ್ದ ಯುವಕ ಬೆಚ್ಚಿದ. ಹೆಸರು ಪರ್ವೇಜ. ಗೋವಾದ ಮ್ಹಾಪಸಾದಲ್ಲಿರುವ ಅವಳ ತಂದೆ ರಾಜಮಹ್ಮದನ ಗುಜರಿ ಅಂಗಡಿಗೆ ಮಾಲು ಒಯ್ಯಲು ಅಂದೇ ಮೊದಲು ಬಂದಿದ್ದ.

"ಹರಕ ಚಪ್ಪಲಿ ಅದಾವಲ್ರಿ?"

"ಹರಕ ಆದ್ರೇನು? ನನ್ನ ಆಮಿಗೆ ಬೇಕು!"

ಹಿತ್ತಲಿಗೆ ಕರೆದೊಯ್ದು ತೋರಿಸಿದಳು. ಸಮುದ್ರ ದಂಡೆಗೆ ಬಂದು ಬಿದ್ದ ಚಪ್ಪಲಿಗಳನ್ನು ಕಬ್ಬಿಣದ ಸರಳುಗಳಿಗೆ ಹೊಲಿದು ಕಟ್ಟಿದ ದೊಡ್ಡ ಆಮೆ! ಕಣ್ಣಿಗೆ ಹಳೆಯ ಸ್ಕೂಟರಿನ ದೀಪ.

ಪರ್ವೇಜ ಬಾಗಿ ಅದರ ಬೆನ್ನು ಮೆಲ್ಲಗೆ ಮುಟ್ಟಿದ.

'ಎಲ್ಲಾರೂ ನಗ್ತಾರ... ಇವರು ನಗಲಿಲ್ಲ!' ನಿಖತ ಒಳಗೆ ಓಡಿ ಅವನಿಗೆ ಚಹಾ ತಂದಳು.

ಆಮೇಲೆ ಅವನು ಬಂದಾಗಲೆಲ್ಲ ದಂಡೆಯಿಂದ ಏನಾದರೂ ತರುತ್ತಿದ್ದ. ಬಲೆಯ ತುಂಡು, ಬಾಟಲಿ ಮುಚ್ಚಳ, ಒಮ್ಮೆ ಒಂಟಿ ಗುಲಾಬಿ ಬಣ್ಣದ ಚಪ್ಪಲಿ. ಇಬ್ಬರೂ ಹರಟುತ್ತ ಕೂತರೆ ಚಹಾ ತಣ್ಣಗಾಗಿಬಿಡುತ್ತಿತ್ತು.

ಪಣಜಿಯ ಕಲಾ ಪ್ರದರ್ಶನಕ್ಕೆ ಆಮೆ ಆಯ್ಕೆಯಾಯಿತು. ಹೊರಡುವ ಬೆಳಿಗ್ಗೆ ನಿಖತ ಹಿತ್ತಲಿಗೆ ಬಂದರೆ... ಪರ್ವೇಜನ ಕೈಯಲ್ಲಿ ಕಟರ್! ಆಮೆ ಎರಡು ತುಂಡು!

"ಏನ್ ಮಾಡಿಬಿಟ್ರಿ!"

"ನಿಖತ, ಒಂದ ಮಾತ ಕೇಳ್ರಿ..."

"ಹೋಗ್ರಿ! ಮತ್ತ ನನಗ ಮಾರಿ ತೋರಸಬ್ಯಾಡ್ರಿ!"

ಅವನು ಟೆಂಪೋ ಹತ್ತಿ ಹೊರಟುಹೋದ.

ಅಳುತ್ತಲೇ ಅವಳು ತುಂಡುಗಳನ್ನು ನೋಡಿದಳು. ಒಂದು ಚಪ್ಪಲಿಯೂ ಹರಿದಿರಲಿಲ್ಲ. ಸರಳಿನ ತುದಿಗಳಿಗೆ ಪಟ್ಟಿ ಬೆಸೆದು, ಬೋಲ್ಟು ಹಾಕಲು ತೂತು ಕೊರೆಯಲಾಗಿತ್ತು.

"ಆ ಪ್ರದರ್ಶನದ ಹಾಲ್‌ನ ಬಾಗಲಾ ಸಣ್ಣದೈತಂತ ಬೇಟಿ," ಎಂದ ರಾಜಮಹ್ಮದ. "ಒಳಗ ಒಯ್ದು ಮತ್ತ ಜೋಡಸ್ತೇನಿ ಅಂದಿದ್ದ. ನಿನಗೂ ಹೇಳ್ಯಾನ ಅಂದ್ಕೊಂಡಿದ್ದೆ."

'ಯಾ ಅಲ್ಲಾ... ಎಷ್ಟ ಬೈದೆ ನಾನು!'

ನಿಖತ ಕಣ್ಣೊರೆಸಿಕೊಂಡು ಸ್ಕೂಟಿ ಹತ್ತಿದಳು. ಬಸ್ ಸ್ಟ್ಯಾಂಡಿನ ಬಳಿ ಅವನ ಟೆಂಪೋಗೆ ಅಡ್ಡ ನಿಲ್ಲಿಸಿದಳು.

"ನನ್ನ ತಪ್ಪಾತು. ಆಮಿ ಜೋಡಸಾಕ ಬರ್ರಿ."

"ನಂದೂ ತಪ್ಪರಿ. ಮೊದಲ ನಿಮಗ ಹೇಳಬೇಕಿತ್ತು."

"ಇನ್ನೊಂದು ಮಾತೈತಿ... ನೀವು ನನಗ ಭಾಳ ಸೇರ್ತೀರಿ. ನನ್ನ ಮದಿವಿ ಆಗ್ತೀರೇನು?"

ಪರ್ವೇಜ ಕೆಂಪಾದ. "ಎಲ್ಲಾರೂ ನೋಡಾಕತ್ತಾರ ನಿಖತ!"

"ನೋಡ್ಲಿ ಬಿಡ್ರಿ!"

ಅವನು ಟೆಂಪೋ ಅಂಗಡಿಯತ್ತ ತಿರುಗಿಸಿದ.

ಸಂಜೆ ಪಣಜಿಯ ಪ್ರದರ್ಶನದ ಹಾಲ್‌ನಲ್ಲಿ ಆಮೆ ಇಡಿಯಾಗಿ ನಿಂತಿತು. ಜನ ಸುತ್ತ ನೆರೆದರು. ನಿಖತ ತಲೆಯೆತ್ತಿ, "ಇದು ನನ್ನ ಕೆಲಸ," ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಗ್ರೀಸ್ ಮೆತ್ತಿದ ಕೈ ಒರೆಸುತ್ತ ಪರ್ವೇಜ ಪಕ್ಕಕ್ಕೆ ಬಂದ.

"ನಾಳೆ ಅಮ್ಮಾನ್ನ ಕರಕೊಂಡ ನಿಮ್ಮ ಮನಿಗೆ ಬರ್ತೇನಿ. ನಿಮ್ಮ ಅಬ್ಬಾ ಏನಂತಾರೋ..."

"ಅವರನ್ನ ನಾನು ಆಗಲೇ ಒಪ್ಪಿಸೇನಿ."

"ಮತ್ತ ನಾನೇನ್ ಮಾಡ್ಲಿ?"

"ಬಂದು ಚಹಾ ಕುಡೀರಿ... ಬಿಸಿ ಇದ್ದಾಗ!"