ನಾಲ್ಕನೇ ಚೌಕದ ಟೊಮೆಟೊ

"ಈ ಟೊಮೆಟೊ ಮೇಲೆ ಗುಂಡಗೆ ಏನೋ ಅಂಟಿದೆಯಲ್ಲ, ಏನಮ್ಮ ಅದು?" ವಿಜ್ಞಾನದ ಮಿಸ್ ಡ್ರಾಯಿಂಗ್ ಶೀಟನ್ನು ಮೂಗಿನ ಹತ್ತಿರ ಹಿಡಿದು ಕೇಳಿದರು.

ಪಿಟಿಪಿಟಿ ಬಾಯಿ ತೆರೆದಳು, ಮುಚ್ಚಿದಳು. ಮೂರು ಹೊತ್ತೂ ಪಿಟಿಪಿಟಿ ಮಾತಾಡುತ್ತಾಳೆಂದೇ ಅವಳಿಗೆ ಆ ಹೆಸರು. ಈಗ ನೋಡಿದರೆ ಬಾಯಿಗೆ ಬೀಗ!

"ಅದು... ಸ್ಟಿಕ್ಕರ್ ಮಿಸ್. ಅಂಗಡಿಯವರದು."

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಮನೆಯಲ್ಲೇ ಟೊಮೆಟೊ ಗಿಡ ಬೆಳೆಸಿ ಮೊಳಕೆ, ಎಲೆ, ಹೂವು, ಕಾಯಿ ಎಂದು ನಾಲ್ಕು ಚೌಕಗಳಲ್ಲಿ ಚಿತ್ರ ಬರೆಯುವುದು ಅವರ ಪ್ರಾಜೆಕ್ಟು. ಕಣ್ಣಾರೆ ಕಂಡದ್ದನ್ನೇ ಬರೆಯಬೇಕು ಎಂಬುದು ಮಿಸ್ ಹಾಕಿದ ಒಂದೇ ರೂಲು. ಪಿಟಿಪಿಟಿಯ ಗಿಡದಲ್ಲಿ ಕಾಯಿಯೇ ಆಗಿರಲಿಲ್ಲ. ಅಡುಗೆಮನೆಯ ಬುಟ್ಟಿಯಿಂದ ಒಂದು ಹಣ್ಣು ಎತ್ತಿಕೊಂಡು, ಸ್ಟಿಕ್ಕರನ್ನೂ ಬಿಡದೆ ಬರೆದುಬಿಟ್ಟಿದ್ದಳು ಪುಣ್ಯಾತ್ಗಿತ್ತಿ!

ಮಿಸ್ ಬೈಯಲಿಲ್ಲ. ರಬ್ಬರ್ ಕೊಟ್ಟರು. "ಅಳಿಸು. ನೋಡಿದ ಮೇಲೆ ಬರಿ."

"ಎಲ್ಲಿಂದ ನೋಡ್ಲಿ ಮಿಸ್? ಹೂವು ಬಿಡುತ್ತೆ, ಉದುರಿಹೋಗುತ್ತೆ. ಹದಿನಾಲ್ಕು ಉದುರಿದ್ವು. ಇನ್ನು ಒಂದೇ ಒಂದು ಉಳಿದಿರೋದು."

"ಗಿಡ ಎಲ್ಲಿಟ್ಟಿದ್ದೀಯ?"

"ಅಮ್ಮನ ಕೆಲಸದ ಕೋಣೇಲಿ. ಬಿಸಿಲು ಬರೋ ಕಿಟಕಿ ಅದೊಂದೇ. ಆದ್ರೆ ಅಮ್ಮ ಅದನ್ನ ತೆಗೆಯೋದೇ ಇಲ್ಲ. ಪಿಟೀಲು ರಿಪೇರಿ ಮಾಡ್ತಾಳಲ್ಲ, ತೇವದ ಗಾಳಿ ಬಂದ್ರೆ ಮರ ಉಬ್ಬುತ್ತಂತೆ."

"ಓಹೋ!" ಎಂದರು ಮಿಸ್. ಊಟದ ಬೆಲ್ ಹೊಡೆದ ಮೇಲೆ ಅವಳನ್ನು ಶಾಲೆಯ ತೋಟಕ್ಕೆ ಕರೆದುಕೊಂಡು ಹೋದರು. "ಮಾತಾಡಬೇಡ. ಸುಮ್ನೆ ಕೇಳು."

ಕಪ್ಪು ದುಂಬಿಯೊಂದು ಗುಂಯ್ ಎನ್ನುತ್ತಾ ಬಂದು ಟೊಮೆಟೊ ಹೂವಿಗೆ ಜೋತುಬಿತ್ತು. ರೆಕ್ಕೆ ಬಡಿಯುವುದು ನಿಂತಿತು. ಆದರೆ ಸದ್ದು ನಿಲ್ಲಲಿಲ್ಲ! ಅಮ್ಮ ತಂತಿ ಬಿಗಿ ಮಾಡುವಾಗ ಏರುವ ಹಾಗೆ ಸರ್ರನೆ ಮೇಲಕ್ಕೇರಿತು.

"ಮಿಸ್, ಸ್ವರ ಬದಲಾಯ್ತು!"

"ಭಲೇ, ಕಿವಿ ಚುರುಕಾಗಿದೆ! ಟೊಮೆಟೊ ಹೂವಿನ ಪರಾಗ ಒಳಗಡೆ ಅಡಗಿರುತ್ತೆ, ತೂತಿನ ಡಬ್ಬೀಲಿ ಉಪ್ಪು ಇರೋ ಹಾಗೆ. ಚೆನ್ನಾಗಿ ಅದುರಿದ್ರೆ ಉದುರುತ್ತೆ. ಆ ಹುಡಿ ಉದುರಿ ಹೂವಿನ ನಡುವಿನ ಎಳೆಗೆ ಅಂಟಿದ್ರೆ ತಾನೇ ಕಾಯಿ? ದುಂಬಿ ಗುಂಯ್‌ಗುಟ್ಟಿ ಅದುರಿಸ್ತಾ ಇದೆ, ನೋಡು."

ಅಂದು ಸಂಜೆ ಪಿಟಿಪಿಟಿ ಐದು ಮಹಡಿಯ ಮೆಟ್ಟಿಲನ್ನೂ ಒಂದೇ ಉಸಿರಿಗೆ ಹತ್ತಿದಳು. "ಅಮ್ಮಾ, ನಿನ್ನ ಪಿಟೀಲುಗಳಿಂದಾನೇ ನನ್ನ ಹೂವೆಲ್ಲ ಹಾಳಾಗಿದ್ದು! ಕಿಟಕಿ ತೆಗಿ, ದುಂಬಿ ಬಂದು ಗುಂಯ್ ಅಂತ ಹೂವನ್ನ ಅದುರಿಸಿ ಪರಾಗ ಉದುರಿಸ್ಲಿ!"

ಅಮ್ಮ ಆಗಷ್ಟೇ ಒಂದು ಪಿಟೀಲಿನ ಬಿರುಕಿಗೆ ಅಂಟು ಹಚ್ಚಿ ಮುಗಿಸಿದ್ದಳು. "ಇವತ್ತು ಆಗಲ್ಲ ಕಣೇ. ಅಂಟು ಒಣಗಬೇಕು, ಬೇರೆಯವರ ವಾದ್ಯ ಇದು. ಅದೂ ಅಲ್ಲದೆ ಇಷ್ಟು ಮೇಲಕ್ಕೆ ದುಂಬಿ ಬರ್ಬೇಕಲ್ಲ?"

"ಹಾಗಾದ್ರೆ ಇದೂ ಉದುರಿಹೋಗ್ಲಿ ಬಿಡು!" ಪಿಟಿಪಿಟಿ ಮುಖ ಊದಿಸಿಕೊಂಡು ಕುಂಡದ ಪಕ್ಕ ನೆಲದ ಮೇಲೆ ಕೂತಳು. ಅಳು ಬಂದೇಬಿಟ್ಟಿತು.

ಅಮ್ಮ ಗಿಡವನ್ನು ನೋಡಿದಳು, ಮಗಳನ್ನು ನೋಡಿದಳು. "ಆ ದುಂಬಿ ಯಾವ ಸ್ವರದಲ್ಲಿ ಗುಂಯ್ ಅಂತು? ಹಾಡು ನೋಡೋಣ."

ಪಿಟಿಪಿಟಿ ಮೂಗೊರೆಸಿಕೊಂಡು ಹಾಡಿದಳು. ಅಮ್ಮ ಶ್ರುತಿಕಡ್ಡಿಗಳ ಪೆಟ್ಟಿಗೆ ತೆರೆದಳು. ಎರಡು ಕವಲಿನ ಉಕ್ಕಿನ ಕಡ್ಡಿಗಳು ಅವು. ಬಡಿದರೆ ನಡುಗುತ್ತಾ ಒಂದೊಂದೂ ಒಂದೊಂದು ಸ್ವರ ಹಿಡಿಯುತ್ತವೆ. ತಂತಿಗಳನ್ನು ಶ್ರುತಿ ಮಾಡಲು ಅಮ್ಮನಿಗೆ ಅವೇ ಬೇಕು.

ಒಂದನ್ನು ಬಡಿದಳು. "ಇದಲ್ಲ, ಇನ್ನೂ ಮೇಲೆ." ಇನ್ನೊಂದು. "ಊಹೂಂ." ಮೂರನೆಯದು.

"ಇದೇ! ಇದೇ ಅಮ್ಮಾ!"

ಪರಾಗ ಬಿದ್ದರೆ ಕಾಣಲೆಂದು ಅಮ್ಮ ಪಿಟೀಲು ಸುತ್ತುವ ಕಪ್ಪು ಬಟ್ಟೆಯನ್ನು ಹೂವಿನ ಕೆಳಗೆ ಹಾಸಿದಳು. ಪಿಟಿಪಿಟಿ ಕಡ್ಡಿಯನ್ನು ಮೊಣಕಾಲಿಗೆ ಬಡಿದಳು. ಉಸಿರು ಬಿಗಿಹಿಡಿದು, ಅದನ್ನು ಹೂವಿನ ತೊಟ್ಟಿಗೆ ಮೆಲ್ಲಗೆ ತಾಗಿಸಿದಳು.

ಹೂವು ನಡುಗಿತು. ಅದರ ತುದಿಯಿಂದ ಹಳದಿ ಹುಡಿ ಹೊಗೆಯ ಹಾಗೆ ಇಳಿಯಿತು. ಸಂಜೆಯ ಬಿಸಿಲಿನಲ್ಲಿ ಒಂದು ಕ್ಷಣ ತೇಲಿ, ಕಪ್ಪು ಬಟ್ಟೆಯ ಮೇಲೆ ಕೂತಿತು.

"ಅಬ್ಬಬ್ಬಾ!" ಅಮ್ಮನ ಬಾಯಿಂದ ಬಂತು. "ಇಷ್ಟು ವರ್ಷ ಇದು ತಂತಿಗೆ ಮಾತ್ರ ಅಂದ್ಕೊಂಡಿದ್ದೆ ಕಣೇ. ಕೊಡಿಲ್ಲಿ, ಈಗ ನಾನು!"

ಪಿಟಿಪಿಟಿ ಕಡ್ಡಿ ಕೊಟ್ಟಳು. ಅವಳ ಮೈಯೆಲ್ಲ ಜುಮ್ಮೆನ್ನುತ್ತಿತ್ತು.

ಮೂರು ದಿನಕ್ಕೆ ಹೂವು ಬಾಡಿತು. ಆದರೆ ಅದು ಉದುರಲಿಲ್ಲ. ವಾರ ಕಳೆದು ಒಂದು ಬೆಳಿಗ್ಗೆ, ಒಣಗಿದ ಎಸಳಿನ ಹಿಂದೆ ಏನೋ ಹಸಿರಾಗಿ ಹೊಳೆಯಿತು. ಕಾಯಿ! ಕಾಳುಮೆಣಸಿನಷ್ಟೇ ದೊಡ್ಡದು.

ಬೇರೆ ದಿನವಾಗಿದ್ದರೆ ಅವಳು ಐದು ಮಹಡಿಗೂ ಕೇಳುವ ಹಾಗೆ ಕೂಗುತ್ತಿದ್ದಳು. ಇಂದು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಅಮ್ಮನ ಸೆರಗು ಎಳೆದಳು. ತುಟಿಯ ಮೇಲೆ ಬೆರಳಿಟ್ಟು ಕರೆತಂದು ತೋರಿಸಿದಳು. ಇಬ್ಬರೂ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ತುಂಬಾ ಹೊತ್ತು ನೋಡಿದರು.

ಆಮೇಲೆ ಅವಳು ಡ್ರಾಯಿಂಗ್ ಶೀಟ್ ಬಿಡಿಸಿದಳು. ಮೂರನೇ ಚೌಕದಲ್ಲಿ ಎಲ್ಲರೂ ಹೂವಿನ ಪಕ್ಕ ದುಂಬಿ ಬರೆದಿದ್ದರು. ಅವಳು ಶ್ರುತಿಕಡ್ಡಿ ಬರೆದಳು. ನಾಲ್ಕನೇ ಚೌಕದ ನಡುವೆ ಕಾಳುಮೆಣಸಿನಷ್ಟೇ ದೊಡ್ಡ ಹಸಿರು ಕಾಯಿ ಬರೆದಳು. ಸುತ್ತಲೂ ಬೇಕಾದಷ್ಟು ಜಾಗ ಮಿಕ್ಕಿತು. ಕೆಂಪು ಬಣ್ಣದ ಪೆನ್ಸಿಲ್ ಕೈಗೆ ಸಿಕ್ಕಿತು. ಅವಳು ಅದನ್ನು ಮತ್ತೆ ಡಬ್ಬಿಯೊಳಗಿಟ್ಟು ಮುಚ್ಚಿದಳು.